ಕಪ್ಪು ಕಡಲೆ ಮುಗಿದ ಶುಕ್ರವಾರ

ಉಮ್ಮ ತೀರಿಕೊಂಡ ದಿನ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಸುದ್ದಿ ಒಂದೂವರೆ ಸಾಲಿನದು. ‘ನಮ್ಮ ಸ್ಥಾಪಕರ ಪತ್ನಿ ನಿಧನರಾಗಿದ್ದಾರೆ. ಮಗ್ರಿಬ್ ನಮಾಜಿನ ನಂತರ ದಫನ.’ ಅದರಲ್ಲಿ ಅವಳ ಹೆಸರು ಇರಲಿಲ್ಲ. ಅವಳ ಹೆಸರು ಖತೀಜಾ. ನಲವತ್ತು ದಿನ ಕಳೆದ ಮೇಲೆ ಸಂಘದ ಈಗಿನ ಕಾರ್ಯದರ್ಶಿ ಫೋನ್ ಮಾಡಿದರು. ವಾರ್ಷಿಕೋತ್ಸವದ ಸಂಚಿಕೆ ತರುತ್ತಿದ್ದಾರಂತೆ. ನನ್ನ ಉಪ್ಪ, ಅಂದರೆ ಅಪ್ಪ, ಸಂಘ ಕಟ್ಟಿದ ಇತಿಹಾಸ ಮತ್ತು ಅದರ ಸೇವಾ ಉದ್ದೇಶ, ಎರಡು ಪುಟ ಸಾಕಂತೆ. ‘ಉಮ್ಮನ ಬಗ್ಗೆಯೂ ಒಂದೆರಡು ಸಾಲು ಹಾಕಬಹುದು ಅಕ್ಕ, ಅವರೂ ತುಂಬಾ ಸಹಕಾರ ಕೊಟ್ಟವರಲ್ವಾ’ ಎಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಊರಿನ ಕನ್ನಡ ಶಾಲೆಯಲ್ಲಿ ಐದನೆಯ ತನಕ, ದೋಹಾದಲ್ಲಿ ಹತ್ತರ ತನಕ ಓದಿದವಳು. ಮಾತು ಕಡಿಮೆ. ಆಗಲಿ ಎಂದೆ. ಬರೆಯಲು ಕೂತ ಮೇಲೆ ‘ಸಹಕಾರ’ ಎಂಬ ಆ ಒಂದು ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಎರಡು ಪುಟದಲ್ಲಿ ಮುಗಿಯಲಿಲ್ಲ. ಅವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ನಾವಿದ್ದದ್ದು ದೋಹಾದ ನಜ್ಮಾ ಬಡಾವಣೆಯ ಒಂದು ಹಳೆಯ ವಿಲ್ಲಾದ ಹಿಂಭಾಗದಲ್ಲಿ. ಒಂದು ದೊಡ್ಡ ಮನೆಯನ್ನು ಪ್ಲೈವುಡ್ಡಿನಿಂದ ಐದು ಮನೆ ಮಾಡಿದ್ದರು. ಅದರಲ್ಲಿ ನಮ್ಮದು ಎರಡು ಕೋಣೆ, ಒಂದು ಅಡಿಗೆಮನೆ. ಎದುರಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಾಸಿಗೆಯಂಥ ದಿಂಬುಗಳು, ಮಧ್ಯೆ ಚಾಪೆ. ಅದನ್ನು ಗಂಡಸರು ತಮಾಷೆಗೆ, ಅರಬರ ದೊಡ್ಡ ಬೈಠಕ್ಕಿನ ಹೆಸರಿಟ್ಟು, ಮಜ್ಲಿಸ್ ಎನ್ನುತ್ತಿದ್ದರು. ಮಜ್ಲಿಸಿಗೂ ಅಡಿಗೆಮನೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಹಸಿರು ಪರದೆ ಇತ್ತು. ಏಸಿ ಇದ್ದದ್ದು ಪರದೆಯ ಆ ಕಡೆ ಮಾತ್ರ. ಜುಲೈ ತಿಂಗಳಲ್ಲಿ ಉಮ್ಮ ಪರದೆಯ ಕೆಳಗಿನ ಅಂಚನ್ನು ಒಂದು ಗೇಣು ಎತ್ತಿ ಪಿನ್ನು ಹಾಕುತ್ತಿದ್ದಳು, ಆ ಕಡೆಯ ತಂಪು ಅಷ್ಟಾದರೂ ಕಾಲಿಗೆ ಬರಲಿ ಎಂದು. ನಾನು ಆ ಒಂದು ಗೇಣಿನ ಬಳಿ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಸಂಘದ ಎಲ್ಲ ಸಭೆಗಳನ್ನೂ ಕೇಳಿದ್ದೇನೆ. ನನಗೆ ಅವರ ಮುಖಗಳಿಗಿಂತ ಪಾದಗಳು ಚೆನ್ನಾಗಿ ನೆನಪಿವೆ. ಮನೆಯಲ್ಲಿ ನಾವು ಆಡುತ್ತಿದ್ದುದು ಬ್ಯಾರಿ ಭಾಷೆ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸಂಘದ ಕಲ್ಪನೆ ಉಪ್ಪನದ್ದಲ್ಲ, ಅಮೆರಿಕದ್ದು. ನಾನು ಹುಟ್ಟುವ ಮೊದಲು ಉಪ್ಪ ದೋಹಾದಿಂದ ದೂರದ ಎಣ್ಣೆಬಾವಿಗಳ ಊರು ದುಖಾನಿನಲ್ಲಿ ಹ್ಯಾರಿಸ್ ಎಂಬ ಎಂಜಿನಿಯರ್ ಸಾಹೇಬನ ಮನೆಯಲ್ಲಿ ಅಡಿಗೆಗಿದ್ದರು. ಸಾಹೇಬ ಒಬ್ಬಂಟಿ. ಸಂಜೆ ವರಾಂಡದಲ್ಲಿ ಕೂತು ಉಪ್ಪನ ಹತ್ತಿರ ಮಾತಾಡುತ್ತಿದ್ದನಂತೆ. ಅವನ ಬೆರಳಲ್ಲಿ ಒಂದು ಉಂಗುರ, ಅವನ ಅಪ್ಪನದು, ಅದಕ್ಕೂ ಮೊದಲು ಅಜ್ಜನದು. ಅದು ಅಲ್ಲಿನ ಒಂದು ಸಹೋದರರ ಸಂಘದ ಗುರುತು. ಆ ಸಂಘದ ಹೆಸರನ್ನು ಉಪ್ಪ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ಸರಿಯಾದದ್ದು ಯಾವುದೆಂದು ನಾನು ಹುಡುಕಲು ಹೋಗಿಲ್ಲ. ಕತೆ ಮಾತ್ರ ಯಾವಾಗಲೂ ಒಂದೇ. ಅಜ್ಜನ ಕಾಲದಲ್ಲಿ ಅಮೆರಿಕದ ಊರುಗಳಿಗೆ ಗಣಿ, ರೈಲು, ಕಾರ್ಖಾನೆ ಎಂದು ದೂರದೂರದಿಂದ ಜನ ಬಂದರು. ಮನೆಮಂದಿ ಯಾರೂ ಜೊತೆಗಿಲ್ಲ. ಕೆಲಸದಲ್ಲಿ ಕೈಕಾಲು ಮುರಿದರೆ ಬಾಡಿಗೆ ಕೋಣೆಯವನು ಹೊರಗೆ ಹಾಕುತ್ತಿದ್ದ. ಸತ್ತರೆ ಹೂಳಲು ನಾಲ್ಕು ಜನ ಇಲ್ಲ. ಆಗ ಒಂದಷ್ಟು ಮಂದಿ ಒಂದು ಹೋಟೆಲಿನಲ್ಲಿ ಸೇರಿ (ಅದು ಹೋಟೆಲಲ್ಲ, ಹೆಂಡದಂಗಡಿ; ಸಂಘದ ಹಿರಿಯರಾದ ಹಾಜಿಕ್ಕನ ಎದುರು ಉಪ್ಪ ಅದನ್ನು ಹೋಟೆಲ್ ಮಾಡುತ್ತಿದ್ದರು) ಇನ್ನು ನಾವು ಅಣ್ಣತಮ್ಮಂದಿರು ಎಂದು ಆಣೆ ಮಾಡಿದರು. ಕಾಯಿಲೆಯವನ ಬಳಿ ಸರದಿಯಲ್ಲಿ ಕೂರುವುದು, ಸತ್ತವನನ್ನು ಮಣ್ಣು ಮಾಡುವುದು, ಅವನ ಹೆಂಡತಿ ಮಕ್ಕಳು ಬೀದಿಗೆ ಬೀಳದ ಹಾಗೆ ನೋಡುವುದು. ಅಷ್ಟರಿಂದ ಶುರುವಾಗಿ ಊರೂರಲ್ಲಿ ಸಭಾಮನೆ, ಅನಾಥ ಮಕ್ಕಳ ಮನೆ, ಮುದುಕರ ಮನೆ ಎಲ್ಲ ಆದವು. ಆಮೇಲೆ ನಿಲುವಂಗಿ, ಕತ್ತಿ, ಗುಟ್ಟಿನ ಕೈಕುಲುಕು ಕೂಡ ಬಂದವು. ಸಾಹೇಬನೇ ಅದನ್ನು ಹೇಳಿ ನಗುತ್ತಿದ್ದನಂತೆ. ‘ದುಡ್ಡು ಕೊಡುವುದು ಸುಲಭ ಹಂಝಾ, ಕಾಯಿಲೆಯವನ ಪಕ್ಕ ಎರಡು ಗಂಟೆ ಕೂರುವುದು ಕಷ್ಟ’ ಎಂಬ ಅವನ ಮಾತನ್ನು ಉಪ್ಪ ಪ್ರವಾದಿಯವರ ಹದೀಸಿನ ಹಾಗೆ ಉದ್ಧರಿಸುತ್ತಿದ್ದರು.

ದೋಹಾಕ್ಕೆ ಬಂದು ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆದ ಮೇಲೆ ಉಪ್ಪ ನಜ್ಮಾದ ನಮ್ಮವರನ್ನು ಸೇರಿಸಿದರು. ನಿಲುವಂಗಿ ಇಲ್ಲ, ಕತ್ತಿ ಇಲ್ಲ. ಆದರೆ ಸದಸ್ಯರನ್ನು ಸೇರಿಸಿಕೊಳ್ಳುವ ಅಮೆರಿಕದ ಪದ್ಧತಿಯೊಂದು ಅವರಿಗೆ ಬಹಳ ಹಿಡಿಸಿತ್ತು. ಅಲ್ಲಿ ಹೊಸಬ ಸೇರಬೇಕಾದರೆ ಇರುವವರೆಲ್ಲ ಒಂದು ಪೆಟ್ಟಿಗೆಯೊಳಗೆ ಗುಟ್ಟಾಗಿ ಗೋಲಿಯಂಥ ಒಂದೊಂದು ಗುಂಡು ಹಾಕುತ್ತಾರೆ. ಬಿಳಿ ಗುಂಡು ಎಂದರೆ ಬರಲಿ, ಕಪ್ಪು ಎಂದರೆ ಬೇಡ. ಒಂದೇ ಒಂದು ಕಪ್ಪು ಬಿದ್ದರೂ ಅವನಿಗೆ ಬಾಗಿಲು ಮುಚ್ಚಿತು, ಒಂದು ವರ್ಷ ಆ ಹೆಸರು ಎತ್ತುವ ಹಾಗಿಲ್ಲ. ಗುಂಡು ನಮ್ಮಲ್ಲಿ ಎಲ್ಲಿಂದ? ಉಮ್ಮನ ಅಡಿಗೆಮನೆಯಲ್ಲಿ ಕಾಬೂಲಿ ಕಡಲೆ ಇತ್ತು, ಕಪ್ಪು ಕಡಲೆ ಇತ್ತು. ಹಾಲಿನಪುಡಿಯ ಎರಡು ಡಬ್ಬಿ. ಪ್ರತಿಯೊಬ್ಬನಿಗೂ ಒಂದು ಬಿಳಿ, ಒಂದು ಕಪ್ಪು. ಬೇಕಾದ್ದನ್ನು ಮುಚ್ಚಳದ ಸೀಳಿನಿಂದ ಮೊದಲ ಡಬ್ಬಿಗೆ, ಉಳಿದದ್ದನ್ನು ಎರಡನೆಯದಕ್ಕೆ. ಎರಡನೆಯ ಡಬ್ಬಿಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ, ಅದು ಸೀದಾ ಅಡಿಗೆಮನೆಗೆ ಬರುತ್ತಿತ್ತು. ಯಾರ ಸರದಿ ಯಾವ ಆಸ್ಪತ್ರೆಗೆ ಎಂಬ ಪಟ್ಟಿಯನ್ನು ಉಪ್ಪ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ಆ ಪಟ್ಟಿಯ ಪ್ರತಿ ಹೆಸರಿನ ಹಿಂದೆ ಒಂದು ಟಿಫಿನ್ ಕ್ಯಾರಿಯರ್ ಇತ್ತು. ಅದನ್ನು ಕಟ್ಟುತ್ತಿದ್ದವಳು ಉಮ್ಮ. ಸಕ್ಕರೆ ಕಾಯಿಲೆಯವನಿಗೆ ಬೇರೆ, ಹೊಟ್ಟೆಹುಣ್ಣಿನವನಿಗೆ ಬೇರೆ. ಯಾರಿಗೆ ಎಷ್ಟು ಉಪ್ಪು ಎಂದು ಅವಳಿಗೆ ಬಾಯಿಪಾಠ. ಇದೇ ‘ಸಹಕಾರ’.

ಬಸಪ್ಪ ನಮ್ಮ ಮೇಲಿನ ಕೋಣೆಯಲ್ಲಿ ಇನ್ನೂ ಏಳು ಜನರ ಜೊತೆ ಇದ್ದವರು. ಬಾಗಲಕೋಟೆ ಕಡೆಯವರು, ಕಟ್ಟಡದ ಕೆಲಸ. ನಮ್ಮವರ ಕನ್ನಡ ಅವರಿಗೆ, ಅವರದು ನಮ್ಮವರಿಗೆ ಅರ್ಧರ್ಧ ತಿಳಿಯುತ್ತಿತ್ತು. ಆದರೂ ದೋಹಾದಲ್ಲಿ ಕನ್ನಡ ಕೇಳಿದರೆ ಸಾಕು ಎಂದು ಶುಕ್ರವಾರ ಸಂಜೆ ಮಜ್ಲಿಸಿನ ಹೊಸ್ತಿಲ ಬಳಿ ಬಂದು ಕೂರುತ್ತಿದ್ದರು. ನನಗೆ ಅವರ ಪಾದದ ಬಿರುಕುಗಳಲ್ಲಿ ಸಿಮೆಂಟು ಕಾಣುತ್ತಿತ್ತು. ಸಂಘದ ಸದಸ್ಯ ಟೈಲರ್ ಮೋನಿಚ್ಚನಿಗೆ ಮೂತ್ರಪಿಂಡದ ಕಲ್ಲಾಗಿ ಆಸ್ಪತ್ರೆ ಸೇರಿದಾಗ, ಸರದಿಯವನಿಗೆ ಡ್ಯೂಟಿ ಬಂತೆಂದು ಬಸಪ್ಪ ತಾವೇ ಹೋಗಿ ಕೂತರು. ಹಾಗೆ ಮೂರು ಸಲ ಹೋದರು. ಮೋನಿಚ್ಚನೇ ಅವರ ಹೆಸರನ್ನು ಸಭೆಗೆ ತಂದದ್ದು.

‘ನೋಡಿ ಮಾರಾಯ್ರೆ, ನನ್ನ ಹೆಂಡತಿಗೂ ಗೊತ್ತಿಲ್ಲದ ನೋವು ಇವರಿಗೆ ಗೊತ್ತುಂಟು. ರಾತ್ರಿ ಇಡೀ ನನ್ನ ಬೊಬ್ಬೆ ಕೇಳಿದ್ದಾರೆ. ಇನ್ನು ಸೇರಿಸದಿದ್ರೆ ಹೊರಗೆ ಹೋಗಿ ಎಲ್ಲರಿಗೂ ಹೇಳ್ತಾರೆ.’

‘ಇಲ್ರೀ, ಹೇಳೂದಿಲ್ರೀ,’ ಎಂದರು ಬಸಪ್ಪ ಗಾಬರಿಯಾಗಿ. ಎಲ್ಲರೂ ನಕ್ಕರು.

ಆ ನಗುವಿನಲ್ಲೇ ಡಬ್ಬಿ ಸುತ್ತಿ ಬಂತು. ಹದಿನಾಲ್ಕು ಜನ. ತೆರೆದಾಗ ಹದಿಮೂರು ಬಿಳಿ, ಒಂದು ಕಪ್ಪು. ಹಾಜಿಕ್ಕ, ಮಗ್ಗುಲಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಯಜಮಾನರು, ಗಂಟಲು ಸರಿಮಾಡಿಕೊಂಡು ‘ನಿಯಮ ನಿಯಮವೇ’ ಎಂದರು. ಬಸಪ್ಪ ಎದ್ದು, ಕೈಯಲ್ಲಿದ್ದ ಸುಲೈಮಾನಿ ಚಹಾವನ್ನು ಕುಡಿದು ಮುಗಿಸಿ, ಲೋಟವನ್ನು ತಾವೇ ತೊಳೆದಿಟ್ಟು ಹೋದರು. ಲೋಟ ತೊಳೆಯಲು ಅವರು ಪರದೆಯ ತನಕ ಬಂದಾಗ ಉಮ್ಮ ಕೈ ಚಾಚಿ ‘ಕೊಡಿ’ ಎಂದಳು. ಅವರು ಕೊಡಲಿಲ್ಲ, ಹೊರಗಿನ ನಲ್ಲಿಗೆ ಹೋದರು.

ಮರುದಿನ ಉಮ್ಮ ಬಟ್ಟೆ ಒಗೆಯುವಾಗ ಉಪ್ಪನ ಶುಕ್ರವಾರದ ಅಂಗಿಯ ಕಿಸೆಯಲ್ಲಿ ಒಂದು ಕಾಳು ಸಿಕ್ಕಿತು. ಎರಡೂ ಡಬ್ಬಿ ಹಿಡಿದು ಸುತ್ತುವವರು ಉಪ್ಪನೇ ಆದ್ದರಿಂದ ಅವರು ಕೊನೆಗೆ ಹಾಕುತ್ತಿದ್ದರು. ಉಳಿದ ಕಾಳನ್ನು ಕಿಸೆಗೆ ಹಾಕಿ ಮರೆತಿದ್ದರು. ಮಧ್ಯಾಹ್ನ ಅವರು ಊಟಕ್ಕೆ ಕೂತಾಗ ಉಮ್ಮ ಅದನ್ನು ತಟ್ಟೆಯ ಅಂಚಿನಲ್ಲಿ ಇಟ್ಟಳು.

‘ಇದಾ, ಇದು ನಿಮ್ಮ ಕಿಸೆಯಲ್ಲಿತ್ತು.’

‘ಎಂತದು?’

‘ಬಿಳಿ ಕಡಲೆ. ಹಾಗಾದ್ರೆ ಡಬ್ಬಿಗೆ ಹೋದದ್ದು ಯಾವುದು?’

ಉಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. ಸುಳ್ಳು ಹೇಳಲಿಲ್ಲ, ಅಷ್ಟು ಹೇಳಲೇಬೇಕು.

‘ನಿನಗೆ ಗೊತ್ತಾಗುದಿಲ್ಲ. ಹಾಜಿಕ್ಕನಿಗೆ ಇದು ಸರಿ ಬರುದಿಲ್ಲ. ಅವರು ಎದ್ದು ಹೋದ್ರೆ ಹಿಂದೆ ಆರು ಜನ ಹೋಗ್ತಾರೆ. ಸಂಘ ಒಡೆದ್ರೆ ಮತ್ತೆ ಕಟ್ಲಿಕ್ಕೆ ಉಂಟಾ? ಅವರು ಕಪ್ಪು ಹಾಕುದು ಹೇಗೂ ಹಾಕ್ತಾರೆ ಅಂತ ನಾನೂ ಹಾಕಿದೆ. ಎರಡು ಕಪ್ಪು ಬಿದ್ರೆ ಯಾರ ಮೇಲೂ ಬೆರಳು ಬರುದಿಲ್ಲ.’

‘ಆದ್ರೆ ಬಿದ್ದದ್ದು ಒಂದೇ.’

ಆಗ ಉಪ್ಪನಿಗೆ ಲೆಕ್ಕ ತಲೆಗೆ ಹೋಯಿತು ಎಂದು ಕಾಣುತ್ತದೆ. ಹಾಜಿಕ್ಕ ಬಿಳಿ ಹಾಕಿದ್ದರು. ಎಲ್ಲರೂ ಬಿಳಿ ಹಾಕಿದ್ದರು. ಕಪ್ಪು ಹಾಕುವವರು ಇರುತ್ತಾರೆ ಎಂದು ಹೆದರಿದವರು ಒಬ್ಬರೇ. ಸೋತ ಮನುಷ್ಯ ಬೇರೆ ದಾರಿ ಹಿಡಿಯುತ್ತಾನೆ. ಉಪ್ಪನೂ ಹಿಡಿದರು.

‘ನಮ್ಮಲ್ಲಿ ಒಬ್ಬ ತೀರಿಹೋದ್ರೆ ಮಯ್ಯತ್ ಮೀಯಿಸ್ಲಿಕ್ಕೆ ಅವನು ಬರ್ಲಿಕ್ಕೆ ಆಗ್ತದಾ? ಅವನಿಗೇ ಏನಾದ್ರೂ ಆದ್ರೆ ಅವರ ಕ್ರಮ ನಮಗೆ ಗೊತ್ತುಂಟಾ?’

‘ಸಾಯುವ ಮಾತು ಆಮೇಲೆ. ಜ್ವರ ಬಂದವನಿಗೆ ಗಂಜಿ ಕೊಡ್ಲಿಕ್ಕೆ ಯಾವ ಕಿತಾಬು ಬೇಕು?’ ಎಂದಳು ಉಮ್ಮ. ಆಮೇಲೆ ದನಿ ಏರಿಸದೆ, ‘ನಿಮ್ಮ ಹ್ಯಾರಿಸ್ ಸಾಹೇಬರ ಊರಿನವರು ನಿಮಗೆ ಯಾವುದು ಹಾಕ್ತಿದ್ರು?’ ಎಂದಳು.

ಈ ಪ್ರಶ್ನೆಯ ಹಿಂದೆ ಒಂದು ಕತೆ ಇದೆ. ನಾನು ಅಮೆರಿಕಕ್ಕೆ ಬಂದರೆ ನಿಮ್ಮ ಸಂಘಕ್ಕೆ ಸೇರಬಹುದಾ ಎಂದು ಉಪ್ಪ ಒಮ್ಮೆ ದುಖಾನಿನಲ್ಲಿ ಸಾಹೇಬನನ್ನು ಕೇಳಿದ್ದರು. ಸಾಹೇಬ ‘ನಮ್ಮ ಊರಲ್ಲಿ ಆಗುವುದಿಲ್ಲ ಹಂಝಾ’ ಎಂದನಂತೆ. ಅಲ್ಲಿ ಬಹುಕಾಲ ಬಿಳಿಯರು ಮಾತ್ರ. ಕರಿಯರಿಗೆ ಬಾಗಿಲು ತೆರೆಯಲಿಲ್ಲ, ಅವರು ತಮ್ಮದೇ ಬೇರೆ ಸಂಘ ಕಟ್ಟಿಕೊಂಡು ಅದೇ ಕೆಲಸ ಮಾಡಿದರು. ಹೆಂಗಸರಿಗೆ ಪಕ್ಕದಲ್ಲಿ ಇನ್ನೊಂದು ಸಣ್ಣ ಸಂಘ. ಇದನ್ನೂ ಸಾಹೇಬನೇ ಹೇಳಿದ್ದು. ಉಪ್ಪ ಈ ಕತೆಯನ್ನು ಸಾಹೇಬನ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಎಲ್ಲರ ಎದುರೂ ಹೇಳುತ್ತಿದ್ದರು. ಹೇಳುವಾಗ ಅದು ತಮ್ಮದೇ ಮುಖದ ಮೇಲೆ ಮುಚ್ಚಿದ ಬಾಗಿಲು ಎಂಬುದು ಅವರಿಗೆ ಹೊಳೆದಿರಲಿಲ್ಲ. ಉಮ್ಮನಿಗೆ ಹೊಳೆದಿತ್ತು, ಎಷ್ಟೋ ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಉಪ್ಪ ಊಟ ಬಿಟ್ಟು ಎದ್ದರು. ನನಗೆ ಆಗ ಹನ್ನೊಂದು ವರ್ಷ. ಆ ದಿನದ ತನಕ ಉಪ್ಪ ತಪ್ಪು ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಅವರ ತಟ್ಟೆಯ ಅಂಚಿನಲ್ಲೇ ಇಡಬಹುದು ಎಂದಂತೂ ಗೊತ್ತಿರಲಿಲ್ಲ.

ಎರಡು ವಾರ ಕಳೆದು ಬಸಪ್ಪ ಕಟ್ಟಡದ ಸಾರುವೆಯಿಂದ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಅವರ ಕೋಣೆಯವನು ಮೆಟ್ಟಿಲ ಬಳಿ ಉಮ್ಮನಿಗೆ ಹೇಳಿದ: ಆರು ದಿನವಾಯಿತು, ತಮಗೆಲ್ಲ ಎರಡೆರಡು ಪಾಳಿ, ಹೋಗಲು ಆಗಿಲ್ಲ, ಅಲ್ಲಿ ಅವರ ಮಾತು ತಿಳಿಯುವವರು ಯಾರೂ ಇಲ್ಲ, ಊಟ ಹಾಗೇ ವಾಪಸು ಹೋಗುತ್ತದಂತೆ. ಉಮ್ಮ ಒಳಗೆ ಬಂದು ಕ್ಯಾಲೆಂಡರಿನ ಹಿಂಬದಿ ನೋಡಿದಳು. ಬಸಪ್ಪನ ಹೆಸರು ಅಲ್ಲಿ ಇರಲು ಸಾಧ್ಯವಿರಲಿಲ್ಲ. ಉಪ್ಪನನ್ನು ಕೇಳಿದಳು. ‘ನಿಯಮ ನಾನೇ ಮಾಡಿದ್ದು, ನಾನೇ ಮುರಿದ್ರೆ ಹೇಗೆ’ ಎಂದರು. ‘ಸಂಘದ ಹೆಸರಲ್ಲಿ ಬೇಡ, ನೀವು ಒಬ್ಬರೇ ಹೋಗಿ’ ಎಂದಳು. ‘ನಾನು ಹೋದ್ರೆ ಸಂಘ ಹೋದ ಹಾಗೆ ಅಲ್ವಾ’ ಎಂದರು. ಗುರುವಾರ ರಾತ್ರಿ ಅವಳು ಮನೆಯಲ್ಲಿದ್ದ ಕಪ್ಪು ಕಡಲೆಯನ್ನೆಲ್ಲ, ಡಬ್ಬಿಗೆಂದು ತೆಗೆದಿಟ್ಟದ್ದನ್ನೂ ಸೇರಿಸಿ, ನೀರಿಗೆ ಹಾಕಿದಳು.

ಶುಕ್ರವಾರ ಅಸರ್ ನಮಾಜಿನ ನಂತರ ಸಂಜೆಯ ಚಹಾಕ್ಕೆ ಪುಟ್ಟು ಮತ್ತು ಕಡಲೆ ಗಸಿ. ತೆಂಗಿನಕಾಯಿ ಹುರಿದು ಅರೆದ ವಾಸನೆ ವಿಲ್ಲಾದ ಐದೂ ಮನೆಗೆ ಹೋಗಿತ್ತು. ಅಂದು ಹಾಜಿಕ್ಕನ ಅಳಿಯನನ್ನು ಸಂಘಕ್ಕೆ ಸೇರಿಸುವುದಿತ್ತು. ತಿಂದು ಕೈತೊಳೆದ ಮೇಲೆ ಹಾಜಿಕ್ಕ ‘ಡಬ್ಬಿ ತರಿಸು ಹಂಝಾ’ ಎಂದರು. ಉಪ್ಪ ಪರದೆಯ ಕಡೆ ತಿರುಗಿದರು. ಉಮ್ಮ ಪರದೆಯ ಈ ಕಡೆಯಿಂದ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

‘ಬಿಳಿ ಉಂಟು. ಕಪ್ಪು ಖಲಾಸ್.’

‘ಖಲಾಸ್ ಅಂದ್ರೆ?’

‘ಈಗ ತಾನೆ ನೀವೆಲ್ಲ ತಿಂದಿರಿ.’

ಮೋನಿಚ್ಚನ ನಗು ಮೊದಲು ಬಂತು. ‘ಅಲ್ಲಾಹ್, ನಾನು ಎರಡು ಸಲ ಹಾಕಿಸಿಕೊಂಡೆ. ನನ್ನ ಹೊಟ್ಟೆಯಲ್ಲೇ ನಲವತ್ತು ಓಟು ಉಂಟು.’

ಹಾಜಿಕ್ಕ ನಗಲಿಲ್ಲ. ಖತೀಜಾ ಅವರ ಬಾಯಲ್ಲಿ ಖೈಜಮ್ಮ. ‘ತೊಂದರೆ ಇಲ್ಲ ಖೈಜಮ್ಮ. ಅಂಗಡಿ ನನ್ನದೇ ಅಲ್ವಾ, ಒಂದು ಕಿಲೋ ತರಿಸ್ತೇನೆ.’

‘ತರಿಸಿ ಹಾಜಿಕ್ಕ. ಕೂರ್ಲಿಕ್ಕೆ ಒಂದು ಮನೆಯನ್ನೂ ನೋಡಿಕೊಳ್ಳಿ. ಟಿಫಿನ್ ಕಟ್ಲಿಕ್ಕೆ ಒಬ್ಬಳನ್ನೂ. ಈ ಮನೆಯಲ್ಲಿ ಇನ್ನು ಕಪ್ಪು ಕಡಲೆ ಬೇಯುದು ಮಾತ್ರ, ಡಬ್ಬಿಗೆ ಬೀಳುದಿಲ್ಲ.’

ಆಮೇಲೆ ಅವಳು ಬಸಪ್ಪ ಬಿದ್ದದ್ದನ್ನು ಹೇಳಿದಳು. ಎಷ್ಟು ದಿನವಾಯಿತೆಂದು, ಯಾವ ವಾರ್ಡೆಂದು ಹೇಳಿದಳು. ‘ಯಾರ ಸರದಿ?’ ಎಂದು ಕೇಳಿದಳು. ಪರದೆಯ ಕೆಳಗಿನ ಸಂದಿನಲ್ಲಿ ನಾನು ಪಾದಗಳನ್ನು ನೋಡುತ್ತಿದ್ದೆ. ಒಂದೂ ಅಲುಗಲಿಲ್ಲ. ಹಾಜಿಕ್ಕ ಕೊನೆಗೆ ‘ಅವನ ಹೆಸರು ಪಾಸಾಗಲಿಲ್ಲ ಅಲ್ವಾ. ಯಾರೋ ಒಬ್ಬರಿಗೆ ಇಷ್ಟ ಇರ್ಲಿಲ್ಲ’ ಎಂದರು. ಆಗ ಉಮ್ಮ ಆ ಯಾರೋ ಒಬ್ಬರು ಯಾರೆಂದು ಹೇಳಬಹುದಿತ್ತು. ಹೇಳಲಿಲ್ಲ. ಅಂದೂ ಹೇಳಲಿಲ್ಲ, ಉಪ್ಪ ಹೋದ ಮೇಲೂ ಹೇಳಲಿಲ್ಲ. ಈಗ ಇಬ್ಬರೂ ಇಲ್ಲ, ನಾನು ಹೇಳುತ್ತಿದ್ದೇನೆ. ಹಿಂದೊಮ್ಮೆ ಅಚ್ಚಾದ ಸಂಘದ ಇತಿಹಾಸದಲ್ಲಿ ‘ಮುಂದೆ ಸದಸ್ಯತ್ವದ ನಿಯಮಗಳನ್ನು ಸರಳಗೊಳಿಸಲಾಯಿತು’ ಎಂದು ಒಂದು ಸಾಲು ಇದೆ. ಸರಳವಾದದ್ದು ಹೀಗೆ. ಯಾರೂ ತಾವಾಗಿ ಸರಳಗೊಳಿಸಲಿಲ್ಲ. ಹದಿನಾಲ್ಕು ಗಂಡಸರು ತಿಳಿಯದೆ ತಿಂದು ಮುಗಿಸಿದ ಮೇಲೆ, ಕೂರಲು ಇನ್ನೊಂದು ಮನೆಯೂ ಟಿಫಿನ್ ಕಟ್ಟಲು ಇನ್ನೊಬ್ಬಳೂ ಸಿಗದೆ, ಬೇರೆ ದಾರಿ ಇರಲಿಲ್ಲ. ಉಪ್ಪ ಒಳ್ಳೆಯವರು, ಹತ್ತು ಜನರ ಹಾಸಿಗೆಯ ಬಳಿ ಕೂತವರು, ಅವರ ಫೋಟೋ ಸಂಚಿಕೆಯ ಮೊದಲ ಪುಟದಲ್ಲಿ ಬರಲಿ. ಆದರೆ ಬಾಗಿಲು ಮುಚ್ಚಿದ ಕೈಯೂ ಅವರದೇ. ತೆರೆದ ಕೈಗೆ ಫೋಟೋ ಇಲ್ಲ.

ಉಮ್ಮ ಅಬಾಯ ಹಾಕಿಕೊಂಡಳು. ಟಿಫಿನ್ ಮೊದಲೇ ಕಟ್ಟಿಟ್ಟಿದ್ದಳು. ನನ್ನ ಕೈ ಹಿಡಿದು ಪರದೆ ಸರಿಸಿದಳು. ಗಂಡಸರು ಕೂತಿರುವಾಗ ಅವಳು ಮಜ್ಲಿಸಿಗೆ ಕಾಲಿಟ್ಟದ್ದು ನಾನು ಅದೇ ಮೊದಲು ನೋಡಿದ್ದು. ಹಿಂಬಾಗಿಲು ಇತ್ತು, ಅದರಿಂದ ಹೋಗಬಹುದಿತ್ತು. ಅವಳು ಚಾಪೆಯ ನಡುವೆ, ಮಡಚಿದ ಮೊಣಕಾಲುಗಳ ನಡುವೆ, ಲೋಟಗಳನ್ನು ದಾಟಿ ನಡೆದಳು. ಸಭೆ ಕೂತಿರುವಾಗ ಏಸಿಯ ತಂಪು ಮೊದಲ ಬಾರಿ ನನ್ನ ಮುಖಕ್ಕೆ ಪೂರ್ತಿ ಹೊಡೆಯಿತು. ಮೋನಿಚ್ಚ ಕಾಲು ಎಳೆದುಕೊಂಡು ದಾರಿ ಕೊಟ್ಟರು. ಹೊರಗೆ ಬಂದು ಬಸ್ಸಿನ ಕಡೆ ಹತ್ತು ಹೆಜ್ಜೆ ಹೋಗಿರಬಹುದು, ಹಿಂದೆ ಉಪ್ಪನ ಪಿಕಪ್ಪಿನ ಸದ್ದು ಕೇಳಿತು. ಅವರು ಪಕ್ಕದಲ್ಲಿ ನಿಲ್ಲಿಸಿ ‘ಯಲ್ಲಾ, ಹತ್ತು’ ಎಂದರು, ಅಷ್ಟೇ.

ವಾರ್ಡಿನ ಬಾಗಿಲಲ್ಲಿ ಮಲಯಾಳಿ ಗಾರ್ಡ್ ಒಂದು ಪುಸ್ತಕ ಇಟ್ಟುಕೊಂಡು ಕೂತಿದ್ದ. ರೋಗಿಯ ಹೆಸರು ಕೇಳಿದ. ಉಮ್ಮ ಹೇಳಿದಳು. ಅವನು ಉಮ್ಮನ ಅಬಾಯವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ, ನಿಮಗೆ ಅವರು ಏನಾಗಬೇಕು ಎಂದು ಕೇಳಿದ.

‘ನಾನು ಅಕ್ಕ,’ ಎಂದಳು ಉಮ್ಮ, ಅವನ ಮಲಯಾಳದಲ್ಲೇ. ಬಸಪ್ಪ ಅವಳಿಗಿಂತ ಕಡಿಮೆಯೆಂದರೂ ಐದು ವರ್ಷ ದೊಡ್ಡವರು.

ಗಾರ್ಡ್ ಬರೆದುಕೊಂಡು ಉಪ್ಪನ ಕಡೆ ನೋಡಿದ. ಅಣ್ಣತಮ್ಮಂದಿರ ಸಂಘ ಕಟ್ಟಿದ ನನ್ನ ಉಪ್ಪ ಸ್ವಲ್ಪ ಯೋಚಿಸಿ, ‘ಹಾಗಾದ್ರೆ ನಾನು ಭಾವ’ ಎಂದರು.

ಬಸಪ್ಪನ ಕಾಲಿಗೆ ತೂಕ ಕಟ್ಟಿ ಎತ್ತಿದ್ದರು. ಗಡ್ಡ ಬೆಳೆದಿತ್ತು. ನಮ್ಮನ್ನು ಕಂಡು ಮೊದಲು ಬೇರೆ ಯಾರನ್ನೋ ನೋಡಲು ಬಂದವರು ಎಂದುಕೊಂಡರು, ಪಕ್ಕದ ಹಾಸಿಗೆಯತ್ತ ತಿರುಗಿ ನೋಡಿದರು. ಆಮೇಲೆ ಹೊದಿಕೆಯನ್ನು ಎದೆಯ ತನಕ ಎಳೆದುಕೊಂಡರು. ಉಪ್ಪ ಕುರ್ಚಿಯೊಂದನ್ನು ತಂದು ಹಾಸಿಗೆಯ ಪಕ್ಕ ಹಾಕಿ ಕೂತರು, ಏಳುವ ಆತುರವಿಲ್ಲದವರ ಹಾಗೆ. ಉಮ್ಮ ಟಿಫಿನ್ನಿನ ಮುಚ್ಚಳ ತೆಗೆದಳು.

‘ಅಕ್ಕಾರ, ಇದೆಲ್ಲಾ ಯಾಕ ತಂದ್ರಿ,’ ಎಂದರು ಬಸಪ್ಪ. ‘ನಾ ಮೆಂಬರ್ ಅಲ್ಲಲ್ರಿ.’

‘ನಾನೂ ಅಲ್ಲ,’ ಎಂದಳು ಉಮ್ಮ. ‘ಬಿಸಿ ಇರುವಾಗ ಉಣ್ಣಿ.’